‘ಪರದೇಶಿ’ ಎಂದರೆ ಯಾರು? ವಲಸಿಗರ ಬಗ್ಗೆ ಕ್ರೈಸ್ತರ ನಿಲುವು ಎಲ್ಲಿಂದ ಬರುತ್ತದೆ

ಯಾದವಗಿರಿಯ ನಿವೃತ್ತ ಉಪನ್ಯಾಸಕ (ಚರ್ಚೆ ಆರಂಭಿಸಿದವರು):

ಮಾನ್ಯ ಸದಸ್ಯರಿಗೆ ನಮಸ್ಕಾರ. ನನ್ನ ಮಗ ಹನ್ನೊಂದು ವರ್ಷಗಳಿಂದ ಅಮೆರಿಕದ ದಕ್ಷಿಣ ಭಾಗದ ರಾಜ್ಯವೊಂದರಲ್ಲಿ ಇದ್ದಾನೆ. ಕಳೆದ ತಿಂಗಳು ಅವನು ಹೋಗುವ ಚರ್ಚಿನ ಸಭೆಯಲ್ಲಿ, ದೇಶದ ಗಡಿಯನ್ನು ಬಿಗಿಯಾಗಿ ಮುಚ್ಚುವ ಶಕ್ತಿಯನ್ನು ನಾಯಕರಿಗೆ ಕೊಡಬೇಕೆಂದು ಹಿರಿಯರೊಬ್ಬರು ಪ್ರಾರ್ಥಿಸಿದರಂತೆ. ಆರಾಧನೆ ಮುಗಿದ ಮೇಲೆ ಅದೇ ಹಿರಿಯರು ನನ್ನ ಮೊಮ್ಮಗಳನ್ನು ಎತ್ತಿಕೊಂಡು, ನಿಮ್ಮ ಗ್ರೀನ್ ಕಾರ್ಡ್ ಕೆಲಸ ಎಲ್ಲಿಗೆ ಬಂತು ಎಂದು ನಿಜವಾದ ಕಾಳಜಿಯಿಂದಲೇ ವಿಚಾರಿಸಿದರಂತೆ. ಫೋನಿನಲ್ಲಿ ಇದನ್ನು ಹೇಳಿ ಮಗ ಕೇಳಿದ ಪ್ರಶ್ನೆ ಒಂದೇ: “ಅಪ್ಪಾ, ಇವರ ಲೆಕ್ಕದಲ್ಲಿ ನಾನು ಯಾರು?” ನನಗೆ ಉತ್ತರ ತೋಚಲಿಲ್ಲ, ಅದಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಬೈಬಲಿನ ವೇದವಾಕ್ಯ ಏನು ಹೇಳುತ್ತದೆ ಎಂಬುದರಲ್ಲಿ ಗೊಂದಲಕ್ಕೆ ಹೆಚ್ಚು ಎಡೆಯಿಲ್ಲ. ಯಾಜಕಕಾಂಡದ 19ನೆಯ ಅಧ್ಯಾಯವು, ನಿಮ್ಮ ನಡುವೆ ಇಳಿದುಕೊಂಡಿರುವ ಪರದೇಶದವನು ನಿಮ್ಮ ಸ್ವದೇಶದವನಂತೆಯೇ ಇರಬೇಕು, ಏಕೆಂದರೆ ನೀವೂ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಪರದೇಶದವರಾಗಿದ್ದಿರಿ ಎನ್ನುತ್ತದೆ. ಮೋವಾಬಿನಿಂದ ಬಂದ ರೂತಳು ಬೇತ್ಲೆಹೇಮಿನ ಹೊಲದಲ್ಲಿ ಹಕ್ಕಲಾಯ್ದು ಬದುಕಿದವಳು. ಮತ್ತಾಯನು ಬರೆದ ಯೇಸುವಿನ ವಂಶಾವಳಿಯಲ್ಲಿ ಆಕೆಯ ಹೆಸರಿದೆ. ಹೆರೋದ ರಾಜನಿಗೆ ಹೆದರಿ ಯೇಸುವಿನ ತಂದೆತಾಯಿಯೇ ಮಗುವನ್ನೆತ್ತಿಕೊಂಡು ರಾತ್ರೋರಾತ್ರಿ ಗಡಿ ದಾಟಿದರು. ಮತ್ತಾಯನ 25ನೆಯ ಅಧ್ಯಾಯದಲ್ಲಂತೂ ಪರದೇಶಿಯನ್ನು ಸೇರಿಸಿಕೊಂಡವರು ಯಾರು, ಬಾಗಿಲು ಹಾಕಿದವರು ಯಾರು ಎಂಬುದೇ ಕೊನೆಯ ತೀರ್ಪಿನ ಪ್ರಶ್ನೆಗಳಲ್ಲೊಂದು.

ಇಲ್ಲೊಂದು ಮಾತನ್ನು ಸೇರಿಸಬೇಕು. ನಮ್ಮ ಮೈಸೂರು-ಮಂಡ್ಯ ಸೀಮೆಯ ಆಡುಮಾತಿನಲ್ಲಿ ‘ಪರದೇಶಿ’ ಎಂದರೆ ವಿದೇಶದವನಲ್ಲ. ಹಿಂದುಮುಂದು ಯಾರೂ ಇಲ್ಲದವನು, ಸತ್ತರೆ ಮಣ್ಣು ಹಾಕಲು ಬಂಧುಗಳಿಲ್ಲದವನು ಎಂದರ್ಥ, ಬೈಗುಳವಾಗಿಯೂ ಬಳಸುತ್ತೇವೆ. ಹೀಬ್ರೂ ಮೂಲದಲ್ಲಿರುವ ‘ಗೇರ್’ ಎಂಬ ಶಬ್ದವೂ ಹೆಚ್ಚುಕಡಿಮೆ ಇದನ್ನೇ ಸೂಚಿಸುತ್ತದೆ: ಸ್ವಂತ ಜಮೀನಿಲ್ಲದೆ, ಕುಲದ ಆಸರೆಯಿಲ್ಲದೆ ಇನ್ನೊಬ್ಬರ ನೆಲದಲ್ಲಿ ಬದುಕುವವನು. ಆದ್ದರಿಂದಲೇ ಮೋಶೆಯ ಧರ್ಮಶಾಸ್ತ್ರವು ಅವನನ್ನು ಮತ್ತೆ ಮತ್ತೆ ವಿಧವೆ ಮತ್ತು ಅನಾಥರ ಪಕ್ಕದಲ್ಲಿ ನಿಲ್ಲಿಸುತ್ತದೆ.

ಇಷ್ಟು ಸ್ಪಷ್ಟವಾಗಿದ್ದರೂ, ಪ್ಯೂ ಸಂಶೋಧನಾ ಕೇಂದ್ರದ 2018ರ ಸಮೀಕ್ಷೆಯಲ್ಲಿ ಅಮೆರಿಕದ ಬಿಳಿಯ ಇವ್ಯಾಂಜೆಲಿಕಲ್ (ಬೈಬಲನ್ನೇ ಪರಮ ಪ್ರಮಾಣವೆನ್ನುವ ಪ್ರೊಟೆಸ್ಟಂಟ್) ಕ್ರೈಸ್ತರ ಪೈಕಿ ಶೇ. 25ರಷ್ಟು ಮಂದಿ ಮಾತ್ರ ನಿರಾಶ್ರಿತರನ್ನು ಸ್ವೀಕರಿಸುವ ಹೊಣೆ ತಮ್ಮ ದೇಶಕ್ಕಿದೆ ಎಂದರು, ಶೇ. 68ರಷ್ಟು ಮಂದಿ ಇಲ್ಲ ಎಂದರು. ಯಾವ ಧರ್ಮಕ್ಕೂ ಸೇರದವರಲ್ಲಿ ಹೊಣೆಯಿದೆ ಎಂದವರು ಶೇ. 65. ಇದಕ್ಕಿಂತಲೂ ನನ್ನನ್ನು ಕಾಡಿದ್ದು ಲೈಫ್‌ವೇ ಸಂಸ್ಥೆಯ 2015ರ ಸಮೀಕ್ಷೆ. ವಲಸೆಯ ಬಗೆಗಿನ ನಿಮ್ಮ ಅಭಿಪ್ರಾಯವನ್ನು ಅತಿ ಹೆಚ್ಚು ರೂಪಿಸಿದ್ದು ಯಾವುದು ಎಂದು ಕೇಳಿದಾಗ, ಬೈಬಲ್ ಎಂದು ಉತ್ತರಿಸಿದ ಇವ್ಯಾಂಜೆಲಿಕಲ್ ಕ್ರೈಸ್ತರು ಶೇ. 12 ಮಾತ್ರ. ಬೈಬಲನ್ನೇ ನೆಚ್ಚಿದ ಜನರ ಮಾತಿದು. ಹಾಗಾದರೆ ಈ ನಿಲುವು ಎಲ್ಲಿಂದ ಬರುತ್ತದೆ?

ಮಂಡ್ಯದ ವಕೀಲ:

ಸರ್, ನಿಮ್ಮ ಮಗನ ಸಭೆಯ ಹಿರಿಯರನ್ನು ಕಪಟಿಗಳೆಂದು ತೀರ್ಮಾನಿಸುವ ಮುನ್ನ ಅವರ ಪರವಾಗಿಯೂ ಎರಡು ಮಾತು ಕೇಳಬೇಕು. ನಾನು ಕಥೋಲಿಕನಾದ್ದರಿಂದ ನಮ್ಮ ಧರ್ಮಸಭೆಯ ಬೋಧನೆಯನ್ನೇ ಹೇಳುತ್ತೇನೆ. ಕಥೋಲಿಕ ಧರ್ಮೋಪದೇಶ ಗ್ರಂಥದ 2241ನೆಯ ಕಂಡಿಕೆಯು, ಅನುಕೂಲಸ್ಥ ರಾಷ್ಟ್ರಗಳು ಭದ್ರತೆಯನ್ನೂ ಜೀವನೋಪಾಯವನ್ನೂ ಅರಸಿ ಬರುವ ಪರದೇಶಿಯನ್ನು ತಮ್ಮ ಶಕ್ತಿಯಿದ್ದಷ್ಟು ಸ್ವೀಕರಿಸಬೇಕು ಎನ್ನುತ್ತದೆ. ‘ಶಕ್ತಿಯಿದ್ದಷ್ಟು’ ಎಂಬ ಮಾತನ್ನು ಯಾರೂ ಮರೆಯಬಾರದು. ಸಾರ್ವಜನಿಕ ಹಿತಕ್ಕಾಗಿ ಸರ್ಕಾರವು ವಲಸೆಗೆ ಷರತ್ತುಗಳನ್ನು ವಿಧಿಸಬಹುದು, ಬಂದವರು ಆಶ್ರಯ ಕೊಟ್ಟ ದೇಶದ ಕಾನೂನನ್ನು ಪಾಲಿಸಿ ಅದರ ಪರಂಪರೆಯನ್ನು ಗೌರವಿಸಬೇಕು ಎಂಬುದೂ ಅದೇ ಕಂಡಿಕೆಯಲ್ಲಿದೆ. ಯಾಜಕಕಾಂಡದಲ್ಲಿಯೇ ಸ್ವದೇಶದವನಿಗೂ ಪರದೇಶದವನಿಗೂ ಒಂದೇ ಕಾನೂನು ಎಂಬ ವಿಧಿಯಿದೆ. ಅದು ರಕ್ಷಣೆಯೂ ಹೌದು, ಕಟ್ಟುಪಾಡೂ ಹೌದು. ನೆಹೆಮೀಯನು ಯೆರೂಸಲೇಮಿನ ಪೌಳಿಗೋಡೆಯನ್ನು ಕಟ್ಟಿಸಿದ್ದನ್ನು ಬೈಬಲ್ ಪುಣ್ಯಕಾರ್ಯವೆಂದೇ ವರ್ಣಿಸುತ್ತದೆ.

2025ರ ಆರಂಭದಲ್ಲಿ ಇದೇ ವಿಷಯ ದೊಡ್ಡ ಚರ್ಚೆಯಾಯಿತು. ಅಮೆರಿಕದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಅವರು, ಮೊದಲು ಕುಟುಂಬ, ಆಮೇಲೆ ನೆರೆಹೊರೆ, ಆಮೇಲೆ ಸ್ವದೇಶ, ಕೊನೆಗೆ ಉಳಿದ ಲೋಕ ಎಂಬ ‘ಪ್ರೀತಿಯ ಕ್ರಮ’ವನ್ನು ಕ್ರೈಸ್ತ ಬೋಧನೆಯೆಂದು ಮುಂದಿಟ್ಟರು. ಆ ಪರಿಕಲ್ಪನೆಯ ಬೇರು ಸಂತ ಅಗಸ್ಟೀನರಲ್ಲಿದೆ. ಪೋಪ್ ಫ್ರಾನ್ಸಿಸ್ ಅವರು ಫೆಬ್ರವರಿ 10ರಂದು ಅಮೆರಿಕದ ಧರ್ಮಾಧ್ಯಕ್ಷರಿಗೆ ಪತ್ರ ಬರೆದು, ಕ್ರೈಸ್ತ ಪ್ರೀತಿ ಎಂಬುದು ಒಂದರ ಹೊರಗೊಂದು ಬರೆದ ವೃತ್ತಗಳಂತೆ ಹಬ್ಬುವ ಸ್ವಹಿತವಲ್ಲ, ನಿಜವಾದ ಕ್ರಮವನ್ನು ದಾರಿಯಲ್ಲಿ ಬಿದ್ದಿದ್ದ ಅಪರಿಚಿತನನ್ನು ಉಳಿಸಿದ ದಯಾಳುವಾದ ಸಮಾರ್ಯದವನ ಸಾಮತಿಯಲ್ಲಿ ಕಾಣಬೇಕು ಎಂದರು. ಇದನ್ನು ಎಲ್ಲರೂ ಹಂಚಿಕೊಂಡರು. ಘೋರ ಅಪರಾಧ ಎಸಗಿದವರಿಂದ ಜನರನ್ನು ಕಾಪಾಡುವ ಹಕ್ಕು ರಾಷ್ಟ್ರಕ್ಕಿದೆ ಎಂದು ಅದೇ ಪತ್ರ ಒಪ್ಪಿಕೊಂಡದ್ದನ್ನು ಹೆಚ್ಚಿನವರು ಹಂಚಿಕೊಳ್ಳಲಿಲ್ಲ.

ಇನ್ನೊಂದು ಮಾತು ಕಹಿಯಾಗಬಹುದು. ನಮ್ಮೂರಿನ ಆಲೆಮನೆಯಲ್ಲಿ ಈಗ ಗಾಣಕ್ಕೆ ಕಬ್ಬು ಕೊಡುವವರೂ ಕೊಪ್ಪರಿಗೆಯ ಮುಂದೆ ನಿಲ್ಲುವವರೂ ಉತ್ತರ ಭಾರತದ ಹುಡುಗರೇ. ಮಾಲೀಕನಿಗೆ ಅವರು ವರ. ಅಲ್ಲಿ ಮೊದಲು ದುಡಿಯುತ್ತಿದ್ದ ನಮ್ಮ ಕೇರಿಯವರು, ಕೂಲಿ ಹೆಚ್ಚಿಸಿ ಎಂದು ಕೇಳುವ ಬಲವನ್ನು ಕಳೆದುಕೊಂಡರು. ಪರದೇಶಿಯನ್ನು ಸ್ವಾಗತಿಸಿ ಎಂದು ಪೀಠದಿಂದ ಹೇಳುವವರ ಸಂಬಳಕ್ಕೆ ಆ ಸ್ವಾಗತದಿಂದ ಏನೂ ಕಡಿಮೆಯಾಗುವುದಿಲ್ಲ. ಖರ್ಚು ಯಾರ ಮೇಲೆ ಬೀಳುತ್ತದೆ ಎಂಬುದನ್ನು ಕೇಳಿದವನನ್ನೆಲ್ಲ ನಿರ್ದಯಿ ಎನ್ನುವುದು ಸರಿಯಲ್ಲ.

ಪಾಲಹಳ್ಳಿ ಕಡೆಯ ಮೇಷ್ಟ್ರು:

ವಕೀಲರ ಕೊನೆಯ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ನಾವು ಅಮೆರಿಕಕ್ಕೆ ಹಾರುವ ಮೊದಲು ಶ್ರೀರಂಗಪಟ್ಟಣವನ್ನು ದಾಟಿ ಹೋಗಬೇಕಲ್ಲವೇ? 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕಥೋಲಿಕರನ್ನು ಹಿಡಿದು ಘಟ್ಟ ಹತ್ತಿಸಿ ಇಲ್ಲಿಗೆ ನಡೆಸಿಕೊಂಡು ಬಂದರು. ಎಷ್ಟು ಜನ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ದಾರಿಯಲ್ಲಿ ಬಹಳ ಮಂದಿ ಸತ್ತರೆಂಬುದರಲ್ಲಿ, ಹದಿನೈದು ವರ್ಷ ಸೆರೆಯಲ್ಲಿದ್ದರೆಂಬುದರಲ್ಲಿ ಅನುಮಾನವಿಲ್ಲ. 1799ರಲ್ಲಿ ಕೋಟೆ ಬಿದ್ದ ಮೇಲೆ ಉಳಿದವರಲ್ಲಿ ಹೆಚ್ಚಿನವರು ಕರಾವಳಿಗೆ ಮರಳಿದರು.

ಆಗ ಇಲ್ಲಿನ ಚದುರಿದ ಕ್ರೈಸ್ತರನ್ನು ಒಂದುಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಆಬೆ ದುಬೊಯಿ. ಅವರು ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, ಗುರುಗಳ ಜೀವಕ್ಕೇ ಸಂಚಕಾರ ಬಂದಿದ್ದಾಗ, 1792ರಲ್ಲಿ ಭಾರತಕ್ಕೆ ಬಂದವರು. ಮೂವತ್ತು ವರ್ಷಗಳ ಕಾಲ ಕಾವಿ ಉಟ್ಟು, ಇಲ್ಲಿಯವರಂತೆಯೇ ಉಂಡು, ಕನ್ನಡ-ತಮಿಳುಗಳಲ್ಲಿ ಮಾತನಾಡಿ ಬದುಕಿದ ಅವರನ್ನು ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಸಿಡುಬಿನ ವಿರುದ್ಧ ಚುಚ್ಚುಮದ್ದು ಹಾಕಿಸಿದ್ದು, ನೆಲೆಯಿಲ್ಲದವರಿಗೆಂದು ಹಾಸನದ ಸೀಮೆಯ ಸಾತಹಳ್ಳಿಯಲ್ಲಿ ಬೇಸಾಯದ ನೆಲೆ ಕಟ್ಟಿದ್ದು ಅವರೇ. 1823ರಲ್ಲಿ ಊರಿಗೆ ಹೊರಟುಹೋದರು. ಅವರು ಬರೆದದ್ದನ್ನೆಲ್ಲ ನಾನು ಒಪ್ಪುವುದಿಲ್ಲ. ನಮ್ಮ ಜನರ ಬಗ್ಗೆ ಕೆಲವೆಡೆ ಬಹಳ ಕಟುವಾಗಿ ಬರೆದಿದ್ದಾರೆ. ಆದರೂ ಸೀಮೆಯ ಕಥೋಲಿಕರು ಹಿರಿಯನೆಂದು ನೆನೆಯುವ ವ್ಯಕ್ತಿ, ಲೆಕ್ಕ ಹಾಕಿದರೆ, ಪರದೇಶಿಯೇ.

ಮೈಸೂರಿನ ಅರಸರ ನಡೆಯನ್ನೂ ಇದರ ಜೊತೆಗಿಟ್ಟು ನೋಡಬೇಕು. ಇಂದು ಅಶೋಕ ರಸ್ತೆಯಲ್ಲಿ ಸಂತ ಫಿಲೋಮಿನಾ ದೇವಾಲಯವಿರುವ ಜಾಗದಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚರ್ಚು ಕಟ್ಟಿಸಿಕೊಟ್ಟರು. ಈಗಿನ ಕಟ್ಟಡಕ್ಕೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿಯವರು. ಹೊರಗಿನಿಂದ ಬಂದ ಒಂದು ಚಿಕ್ಕ ಸಮುದಾಯಕ್ಕೆ ಊರಿನ ನಡುವೆ ಜಾಗ ಸಿಕ್ಕಿತು. ಹಾಗೆ ಜಾಗ ಪಡೆದವರ ಮಕ್ಕಳು ನಾವು.

ಮೈಸೂರಿನ ನರ್ಸ್:

ಮೇಷ್ಟ್ರು ಹೇಳಿದ ಆ ‘ಮಕ್ಕಳು’ ಈಗ ಏನು ಮಾಡುತ್ತಿದ್ದಾರೆ ಎಂಬುದನ್ನು ನಾನು ಹೇಳುತ್ತೇನೆ; ಧರ್ಮಕೇಂದ್ರದ ಹೆಸರು ಬೇಡ. ಕೈಗಾರಿಕಾ ಪ್ರದೇಶಕ್ಕೆ ಹತ್ತಿರವಿರುವ ನಮ್ಮ ದೇವಾಲಯಕ್ಕೆ ನಾಲ್ಕೈದು ವರ್ಷಗಳಿಂದ ಜಾರ್ಖಂಡ್ ಮತ್ತು ಒಡಿಶಾದ ಹುಡುಗರು ಬರುತ್ತಿದ್ದಾರೆ. ಕಟ್ಟಡದ ಕೆಲಸ, ಗೋದಾಮಿನ ಕೆಲಸ ಮಾಡುವವರು. ಹೋಟೆಲುಗಳಲ್ಲಿ ಮತ್ತು ಬ್ಯೂಟಿ ಪಾರ್ಲರುಗಳಲ್ಲಿ ದುಡಿಯುವ ಈಶಾನ್ಯದ ಹೆಣ್ಣುಮಕ್ಕಳೂ ಕೆಲವರಿದ್ದಾರೆ. ಕನ್ನಡ ಬಲಿಪೂಜೆಯಲ್ಲಿ (ಚರ್ಚಿನ ಆರಾಧನೆಯಲ್ಲಿ) ಕೊನೆಯ ಸಾಲಿನಲ್ಲಿ ಕೂತು, ಪ್ರಸಂಗದ ಒಂದು ಮಾತೂ ತಿಳಿಯದಿದ್ದರೂ, ಪರಮಪ್ರಸಾದ ಸ್ವೀಕರಿಸಿ ಹೋಗುತ್ತಾರೆ. ತಿಂಗಳಿಗೊಮ್ಮೆ ಮಧ್ಯಾಹ್ನದ ಹೊತ್ತಿನಲ್ಲಿ ಹಿಂದಿಯಲ್ಲಿ ಪೂಜೆ ನಡೆಸಬಹುದೇ ಎಂದು ಅವರು ಕೇಳಿದರು. ಕೇಳಿದ ರೀತಿ ಹೇಗಿತ್ತೆಂದರೆ, ಸಾಲ ಕೇಳುವವರೂ ಅಷ್ಟು ಸಂಕೋಚಪಡುವುದಿಲ್ಲ.

ಸಮಿತಿಯ ಸಭೆಯಲ್ಲಿ ಕೇಳಿಬಂದ ಮಾತುಗಳು ನನಗೆ ಇನ್ನೂ ನೆನಪಿವೆ. “ಇವತ್ತು ಒಂದು ಪೂಜೆ, ನಾಳೆ ಸಮಿತಿಯಲ್ಲಿ ಸ್ಥಾನ”, “ಗುಟ್ಕಾ ಹಾಕಿಕೊಂಡು ಬರುತ್ತಾರೆ”, “ಕನ್ನಡಕ್ಕಾಗಿ ಹೋರಾಡಿ ಪಡೆದದ್ದನ್ನು ಹಿಂದಿಗೆ ಬಿಟ್ಟುಕೊಡಬೇಕೇ?” ಕೊನೆಯ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಥೋಲಿಕ ಧರ್ಮಾಧ್ಯಕ್ಷರ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆಯು ಲತೀನಿನಿಂದ ಜನರ ಭಾಷೆಗೆ ಬಂದಾಗ, ಕರ್ನಾಟಕದ ಚರ್ಚುಗಳಲ್ಲಿ ಯಾವ ಭಾಷೆ ಎಂಬ ಪ್ರಶ್ನೆ, ಮುಖ್ಯವಾಗಿ ಬೆಂಗಳೂರಿನಲ್ಲಿ, ದಶಕಗಳ ಜಗಳವಾಯಿತು. ಆ ನೋವು ನಿಜವಾದದ್ದು. ಆದರೆ ಹಾಗೆ ವಾದಿಸಿದವರಲ್ಲಿ ಇಬ್ಬರ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದು, ಅಲ್ಲಿ ತಮ್ಮ ಭಾಷೆಯ ಪೂಜೆ ಸಿಗುತ್ತದೆಂದು ಇದೇ ಜಗಲಿಯ ಮೇಲೆ ಹೆಮ್ಮೆಯಿಂದ ಹೇಳಿಕೊಂಡವರು. ಎರಡೂ ಮಾತುಗಳನ್ನು ಆಡಿದ ಬಾಯಿ ಒಂದೇ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಮಂಡ್ಯದ ವಕೀಲ:

ಮೇಡಂ, ಒಂದು ತಿದ್ದುಪಡಿ. ಜಾರ್ಖಂಡಿನ ಹುಡುಗ ಮೈಸೂರಿನಲ್ಲಿ ವಲಸಿಗನಲ್ಲ, ನಾಗರಿಕ. ಸಂವಿಧಾನದ 19ನೆಯ ವಿಧಿ ಅವನಿಗೆ ದೇಶದ ಎಲ್ಲೆಡೆ ಸಂಚರಿಸುವ, ನೆಲೆಸುವ ಹಕ್ಕು ಕೊಟ್ಟಿದೆ. ಅವನನ್ನೂ ಪಾಸ್‌ಪೋರ್ಟ್ ಇಲ್ಲದೆ ಗಡಿ ದಾಟಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಇಬ್ಬರಿಗೂ ಅನ್ಯಾಯ. ನಾನೇ ಆಲೆಮನೆಯ ಉದಾಹರಣೆ ಕೊಟ್ಟು ಈ ಬೆರಕೆಯನ್ನು ಶುರುಮಾಡಿದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಮೈಸೂರಿನ ನರ್ಸ್:

ಕಾನೂನಿನಲ್ಲಿ ವ್ಯತ್ಯಾಸವಿದೆ, ಸರಿ. ಕೊನೆಯ ಸಾಲಿನ ಬೆಂಚಿನಲ್ಲಿ ಆ ವ್ಯತ್ಯಾಸ ಯಾರಿಗೂ ಕಾಣಿಸುತ್ತಿಲ್ಲ ಎಂಬುದಷ್ಟೇ ನನ್ನ ಮಾತು.

ಮೈಸೂರು ಬಿಟ್ಟು ಹೋದವನು:

ನಾನು ನೆದರ್ಲೆಂಡ್ಸ್‌ನಲ್ಲಿದ್ದೇನೆ, ಅದಕ್ಕೂ ಮೊದಲು ಅಮೆರಿಕದಲ್ಲಿದ್ದೆ. ಯುರೋಪಿನಲ್ಲಿ ಒಂದೇ ಧರ್ಮ ಎರಡು ಬಗೆಯಾಗಿ ಮಾತನಾಡಿದ್ದನ್ನು ನೋಡಿದ್ದೇನೆ. 2015ರಲ್ಲಿ ಸಿರಿಯಾದ ಜನ ಬಂದಾಗ ಜರ್ಮನಿಯ ಅಂದಿನ ಚಾನ್ಸಲರ್ ಆಂಗೆಲಾ ಮೆರ್ಕೆಲ್, ಪಾದ್ರಿಯೊಬ್ಬರ ಮಗಳು, ಇದನ್ನು ನಾವು ನಿಭಾಯಿಸಬಲ್ಲೆವು ಎಂದರು; ಹಂಗರಿಯ ಅಂದಿನ ಪ್ರಧಾನಿ ವಿಕ್ಟೋರ್ ಒರ್ಬಾನ್ ಕ್ರೈಸ್ತ ಸಂಸ್ಕೃತಿಯನ್ನು ಉಳಿಸಬೇಕೆಂದು ಹೇಳಿಯೇ ಗಡಿಗೆ ಬೇಲಿ ಹಾಕಿಸಿದರು. ‘ಕ್ರೈಸ್ತ’ ಎಂಬುದು ಮೊದಲನೆಯ ಕಡೆ ಮಾಡಬೇಕಾದ ಕೆಲಸವಾಗಿತ್ತು, ಎರಡನೆಯ ಕಡೆ ಕಾಪಾಡಿಕೊಳ್ಳಬೇಕಾದ ಆಸ್ತಿಯಾಗಿತ್ತು ಎಂದು ನನಗೆ ಅನ್ನಿಸಿತು. ಹಂಗರಿಯ ಜನರ ಭಯಕ್ಕೆ ನೂರೈವತ್ತು ವರ್ಷಗಳ ತುರ್ಕರ ಆಳ್ವಿಕೆಯ ನೆನಪಿದೆ ಎಂದು ನನ್ನ ಸಹೋದ್ಯೋಗಿಯೊಬ್ಬ ಹೇಳುತ್ತಾನೆ, ಅದನ್ನೂ ತಳ್ಳಿಹಾಕಲಾರೆ.

ನಾನು ಹೇಳಬೇಕೆಂದಿರುವುದು ಹೇಗ್ ನಗರದ ಬೆತೆಲ್ ಚರ್ಚಿನ ಸಂಗತಿ. ಅರ್ಮೇನಿಯಾದಿಂದ ಬಂದು ವರ್ಷಗಟ್ಟಲೆ ಇಲ್ಲಿ ಬದುಕಿದ್ದ ಒಂದು ಕುಟುಂಬವನ್ನು ಗಡೀಪಾರು ಮಾಡಲು ಆಜ್ಞೆಯಾಗಿತ್ತು. ಆರಾಧನೆ ನಡೆಯುತ್ತಿರುವಾಗ ಪೊಲೀಸರು ಚರ್ಚಿನೊಳಗೆ ಕಾಲಿಡುವಂತಿಲ್ಲ ಎಂಬ ಕಾನೂನು ಇಲ್ಲಿದೆ. ಆದ್ದರಿಂದ 2018ರ ಅಕ್ಟೋಬರ್ 26ರಂದು ಶುರುಮಾಡಿದ ಆರಾಧನೆಯನ್ನು ಹಗಲು ರಾತ್ರಿ ನಿಲ್ಲಿಸದೆ, ದೇಶದ ಎಲ್ಲೆಡೆಯಿಂದ ನೂರಾರು ಪಾದ್ರಿಗಳು ಸರದಿಯ ಮೇಲೆ ಬಂದು, 96 ದಿನ ನಡೆಸಿದರು. ರಾತ್ರಿ ಮೂರು ಗಂಟೆಗೆ ಇಬ್ಬರೋ ಮೂವರೋ ಇದ್ದರೂ ಕೀರ್ತನೆ ನಿಲ್ಲುವಂತಿರಲಿಲ್ಲ. ಜನವರಿ ಕೊನೆಗೆ ಸರ್ಕಾರ ಅಂಥ ಮಕ್ಕಳಿರುವ ಕುಟುಂಬಗಳ ಅರ್ಜಿಗಳನ್ನು ಮರುಪರಿಶೀಲಿಸಲು ಒಪ್ಪಿದ ಮೇಲೆ ಆರಾಧನೆ ಮುಗಿಯಿತು. ಅಖಂಡ ಭಜನೆಗೆ ಕೂತು ಅಭ್ಯಾಸವಿರುವ ನಮ್ಮೂರಿನವರಿಗೆ ಇದು ಚೆನ್ನಾಗಿ ಅರ್ಥವಾದೀತು. ವಕೀಲರು ಗಮನಿಸಬೇಕು: ಅವರು ಕಾನೂನನ್ನು ಮುರಿಯಲಿಲ್ಲ, ಕಾನೂನಿನೊಳಗೇ ಕೂತರು.

ಅಮೆರಿಕದ ವಿಷಯದಲ್ಲಿ ನಮ್ಮವರು ಮರೆಯುವ ಒಂದು ಲೆಕ್ಕವಿದೆ. 1917ರ ಕಾನೂನು ಭಾರತೀಯರ ವಲಸೆಯನ್ನು ತಡೆದಿತ್ತು. 1946ರಲ್ಲಿ ವರ್ಷಕ್ಕೆ ಸುಮಾರು ನೂರು ಭಾರತೀಯರಿಗೆ ಅವಕಾಶ ಸಿಕ್ಕಿತು. ಬಾಗಿಲು ನಿಜವಾಗಿ ತೆರೆದದ್ದು 1965ರ ಕಾನೂನಿನಿಂದ. ನಾನೂ ಉಪನ್ಯಾಸಕರ ಮಗನೂ ಒಳಗೆ ಹೋದದ್ದು ಆ ಬಾಗಿಲಿನಿಂದ. ಆದರೂ ಅಲ್ಲಿ ನೆಲೆಯಾದ ನನ್ನ ಎಷ್ಟೋ ಸ್ನೇಹಿತರು, ನಾವು ಸಾಲಿನಲ್ಲಿ ನಿಂತು ಬಂದವರು, ಅವರು ನುಗ್ಗಿ ಬಂದವರು ಎನ್ನುತ್ತಾರೆ. ಸಾಲು ಎಂಬುದೇ ಇಲ್ಲದವನು ಎಲ್ಲಿ ನಿಲ್ಲಬೇಕು ಎಂದು ಕೇಳಿದರೆ ಮಾತು ಬದಲಿಸುತ್ತಾರೆ.

ಪಿರಿಯಾಪಟ್ಟಣದ ಓದುಗ:

ನಾನು ಕ್ರೈಸ್ತನಲ್ಲ, ಆದರೂ ಬೈಲಕುಪ್ಪೆಯ ಪಕ್ಕದವನಾದ್ದರಿಂದ ಬರೆಯುತ್ತಿದ್ದೇನೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ, ಅಂದಿನ ಮೈಸೂರು ರಾಜ್ಯ ಸರ್ಕಾರ ಟಿಬೆಟ್ಟಿನ ನಿರಾಶ್ರಿತರಿಗಾಗಿ ಇಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1969ರಲ್ಲಿ ಎರಡನೆಯ ನೆಲೆಯೂ ಆಯಿತು. ಕಾಡು ಕಡಿದು, ಆನೆಗಳ ಕಾಟ ತಡೆದುಕೊಂಡು, ಚಳಿಯ ದೇಶದವರು ಈ ಸೆಖೆಯಲ್ಲಿ ಜೋಳ ಬೆಳೆದರು. ಅದಕ್ಕೆ ಯಾವ ಧರ್ಮಗ್ರಂಥದ ವಚನವನ್ನೂ ಯಾರೂ ಉದ್ಧರಿಸಿದಂತೆ ನಮ್ಮ ತಂದೆಯವರು ಹೇಳಿದ್ದಿಲ್ಲ. ನಮ್ಮವರಿಗೆ ಅಸಮಾಧಾನ ಇರಲಿಲ್ಲವೆಂದಲ್ಲ. ನಮಗಿಲ್ಲದ ಜಮೀನು ಅವರಿಗೆ ಹೇಗೆ ಸಿಕ್ಕಿತು ಎಂಬ ಮಾತು ಇಂದಿಗೂ ಟೀ ಅಂಗಡಿಯಲ್ಲಿ ಬರುತ್ತದೆ. ಆದರೆ ಅವರ ಹೊಲದಲ್ಲಿ ನಮ್ಮವರು ಕೂಲಿ ಮಾಡಿದರು, ಅವರ ಅಂಗಡಿಗಳಿಂದ ನಮ್ಮ ಆಟೋಗಳು ಓಡಿದವು. ಸರ್ಕಾರ ಮೊದಲೇ ಜಾಗ ಗೊತ್ತುಮಾಡಿ ಕೂರಿಸಿದ್ದರಿಂದ ಹೊಡೆದಾಟವಾಗಲಿಲ್ಲ ಎಂಬುದು ನನ್ನ ಅನಿಸಿಕೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ ಎಂಬುದನ್ನು ನೆನೆದರೆ, ಒಪ್ಪಂದವಿಲ್ಲದೆ ಆದ ಕೆಲಸವಿದು.

ಯಾದವಗಿರಿಯ ನಿವೃತ್ತ ಉಪನ್ಯಾಸಕ:

ಎಲ್ಲರ ಮಾತನ್ನೂ ಎರಡೆರಡು ಬಾರಿ ಓದಿದೆ. ನನ್ನ ಪ್ರಶ್ನೆಗೆ ಉತ್ತರ ಸಿಗುವ ಜಾಗ ಮಿಜೋರಾಂ ಇರಬಹುದೆಂದು ಈಗ ಅನ್ನಿಸುತ್ತಿದೆ. 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರಿನಲ್ಲಿ ಸೇನೆ ಅಧಿಕಾರ ಕಸಿದುಕೊಂಡ ಮೇಲೆ ಚಿನ್ ಜನಾಂಗದ ಸಾವಿರಾರು ಮಂದಿ ಗಡಿ ದಾಟಿ ಬಂದರು. ಅವರನ್ನು ಒಳಗೆ ಬಿಡಬೇಡಿ ಎಂದು ಕೇಂದ್ರ ಸರ್ಕಾರ ಸೂಚಿಸಿದರೂ, ಮಿಜೋರಾಮಿನ ಚರ್ಚುಗಳೂ ಊರಿನವರೂ ಅಕ್ಕಿ ಸೇರಿಸಿ, ಗುಡಿಸಲು ಕಟ್ಟಿಕೊಟ್ಟು ಉಳಿಸಿಕೊಂಡರು. ಅಪ್ಪಟ ಮತ್ತಾಯ 25 ಎಂದು ನಾವು ಹೊಗಳಬಹುದು. ಆದರೆ ಅದೇ ರಾಜ್ಯದಿಂದ 1997ರಲ್ಲಿ ಬ್ರೂ ಎಂಬ ಬುಡಕಟ್ಟಿನ ಜನರು ಗಲಭೆಗೆ ಹೆದರಿ ತ್ರಿಪುರಾಕ್ಕೆ ಓಡಿದರು. ಎರಡು ದಶಕಗಳಿಗೂ ಹೆಚ್ಚು ಕಾಲ ಶಿಬಿರಗಳಲ್ಲಿ ಕಳೆದು, ಕೊನೆಗೆ 2020ರ ಒಪ್ಪಂದದಂತೆ ಅಲ್ಲಿಯೇ ನೆಲೆ ಪಡೆಯಬೇಕಾಯಿತು. ಬ್ರೂಗಳಲ್ಲಿಯೂ ಕ್ರೈಸ್ತರಿದ್ದಾರೆ. ಚಿನ್ನರು ಮಿಜೋಗಳಿಗೆ ರಕ್ತಸಂಬಂಧಿಗಳು, ಬ್ರೂಗಳು ಅಲ್ಲ. ಬೈಬಲ್ ಬದಲಾಗಲಿಲ್ಲ, ‘ನಮ್ಮವರು’ ಎಂಬ ಪದದ ಬೇಲಿ ಎಲ್ಲಿದೆ ಎಂಬುದು ಮೊದಲೇ ತೀರ್ಮಾನವಾಗಿತ್ತು, ವಚನವನ್ನು ಬೇಲಿಯ ಒಳಗಿನವರಿಗೆ ಓದಿದರು.

ನನ್ನ ಮಗನ ಸಭೆಯ ಹಿರಿಯರೂ ಇದನ್ನೇ ಮಾಡಿದ್ದಾರೆ ಎಂದು ತೋರುತ್ತದೆ. ಅವರ ಲೆಕ್ಕದಲ್ಲಿ ಅವನು ಪರದೇಶಿಯಲ್ಲ. ಪಕ್ಕದ ಬೆಂಚಿನಲ್ಲಿ ಕೂತ ದಿನವೇ ಅವನು ‘ನಮ್ಮವನು’ ಆಗಿಬಿಟ್ಟ. ಅವರು ಗಡಿಯಲ್ಲಿ ತಡೆಯಬೇಕೆಂದು ಪ್ರಾರ್ಥಿಸಿದ್ದು ಮುಖ ನೋಡಿರದ ಇನ್ಯಾರನ್ನೋ. ಇದು ಕಪಟವಲ್ಲ ಎಂದು ವಕೀಲರು ಹೇಳಿದ್ದು ಸರಿ, ಆದರೆ ಯಾಜಕಕಾಂಡ ಕೇಳುವುದು ಇದನ್ನಲ್ಲ. ಅದು ಪರದೇಶದವನನ್ನು ನಮ್ಮವನಾದ ಮೇಲೆ ಪ್ರೀತಿಸು ಎನ್ನುವುದಿಲ್ಲ, ಪರದೇಶದವನಾಗಿರುವಾಗಲೇ ಪ್ರೀತಿಸು ಎನ್ನುತ್ತದೆ; ಅದಕ್ಕೆ ಕೊಡುವ ಕಾರಣವೂ ಅವನ ಗುಣವಲ್ಲ, ನಿನ್ನ ನೆನಪು. ಐಗುಪ್ತವನ್ನು ಮರೆತವನಿಗೆ ಆ ವಚನದ ಎರಡನೆಯ ಅರ್ಧ ಕೇಳಿಸುವುದೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ನಡುವೆ ಅಮೆರಿಕದಲ್ಲಿ ಐರಿಷ್ ಕಥೋಲಿಕರನ್ನು ದೇಶಕ್ಕೆ ಅಪಾಯವೆಂದು ಸಾರಿ ಪಕ್ಷವೊಂದನ್ನೇ ಕಟ್ಟಿದ್ದರು, 1924ರ ಕಾನೂನು ಇಟಲಿ ಮತ್ತು ಪೋಲೆಂಡಿನವರನ್ನು ಬಹುಮಟ್ಟಿಗೆ ತಡೆಯಿತು. ಅಂಥವರ ಮರಿಮಕ್ಕಳಲ್ಲಿಯೇ ಎಷ್ಟೋ ಮಂದಿ ಇಂದು ಬಾಗಿಲು ಹಾಕಿ ಎನ್ನುತ್ತಾರೆ.

ವಕೀಲರ ಒಂದು ಪ್ರಶ್ನೆಗೆ ಮಾತ್ರ ನನ್ನ ಬಳಿ ಉತ್ತರವಿಲ್ಲ. ಖರ್ಚು ಬಡವನ ಮೇಲೆ ಬೀಳುತ್ತದೆ ಎಂಬುದು ನಿಜ, ಮತ್ತು ಪಿಂಚಣಿ ಬರುವ ನನ್ನಂಥವನು ಅದನ್ನು ಸಲೀಸಾಗಿ ಮರೆಯುತ್ತೇನೆ.

ಮಂಡ್ಯದ ವಕೀಲ:

ನೆನಪಿನ ಮಾತನ್ನು ಒಪ್ಪುತ್ತೇನೆ, ಷರತ್ತಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮೇಡಂ, ಆ ಹಿಂದಿ ಪೂಜೆಯ ವಿಷಯ ಕೊನೆಗೆ ಏನಾಯಿತು?

ಮೈಸೂರಿನ ನರ್ಸ್:

ತೀರ್ಮಾನವಾಗಿಲ್ಲ. ಗುರುಗಳು ಒಪ್ಪಿದ್ದಾರೆ. ಹಿಂದಿ ಬಲ್ಲ ಗುರುಗಳೊಬ್ಬರು ತಿಂಗಳ ಎರಡನೆಯ ಭಾನುವಾರ ಮೂರು ಗಂಟೆಗೆ ಬರಲು ಸಿದ್ಧರಿದ್ದಾರೆ. ಆ ಹೊತ್ತಿನ ಫ್ಯಾನು, ದೀಪ, ಮೈಕಿನ ವಿದ್ಯುತ್ ಬಿಲ್ಲನ್ನು ಯಾರು ಕಟ್ಟಬೇಕು ಎಂಬಲ್ಲಿ ಸಮಿತಿ ನಿಂತಿದೆ. ಹುಡುಗರು ತಮ್ಮಲ್ಲೇ ಹಣ ಸೇರಿಸಿಕೊಂಡು ಕಳೆದ ವಾರ ಲಕೋಟೆಯೊಂದನ್ನು ತಂದುಕೊಟ್ಟರು. ಖಜಾಂಚಿಯವರು ಅದನ್ನು ತೆಗೆದುಕೊಳ್ಳಲೂ ಇಲ್ಲ, ಬೇಡವೆನ್ನಲೂ ಇಲ್ಲ. ಲಕೋಟೆ ಈಗ ನನ್ನ ಬೀರುವಿನಲ್ಲಿದೆ.